ಬರದ ಹೆಸರು ಹೇಳಿ ಹೋದವರು

ಊರು ಬಿಟ್ಟದ್ದಕ್ಕೆ ನಮ್ಮ ಮನೆಯಲ್ಲಿ ಒಂದೇ ಕಾರಣ ಹೇಳುತ್ತಿದ್ದರು: ಬರ. ಮುತ್ತಜ್ಜ ಗುಂಡ್ಲುಪೇಟೆ ಹತ್ತಿರದ ಭೀಮನಬೀಡಿನಲ್ಲಿ ಹೊಲ ಮನೆ ಬಿಟ್ಟು, ಮುತ್ತಜ್ಜಿಯನ್ನು ಕರೆದುಕೊಂಡು, ಕಾಡು ದಾಟಿ ನೀಲಗಿರಿಯ ಟೀ ತೋಟ ಸೇರಿದ್ದು ಬರಗಾಲಕ್ಕೆ. ಅಜ್ಜ ಹೇಳಿದ್ದು ಇಷ್ಟೇ, ಅಪ್ಪ ಕೇಳಿಸಿಕೊಂಡದ್ದೂ ಇಷ್ಟೇ. ಹೊಟ್ಟೆಗಿಲ್ಲದೆ ಊರು ಬಿಟ್ಟವರು ಎಂದರೆ ಮುಂದೆ ಯಾರೂ ಏನೂ ಕೇಳುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಜ್ಜನ ಹಳೆಯ ಸರ್ಟಿಫಿಕೇಟು ಕೈಗೆ ಸಿಕ್ಕಿತು. ಹುಟ್ಟಿದ್ದು 1921, ಕೋಟಗಿರಿ ಹತ್ತಿರದ ತೋಟದಲ್ಲಿ. ಅಜ್ಜ ಮೊದಲನೆಯ ಮಗ. ಮೈಸೂರು ಸೀಮೆಯಲ್ಲಿ ಬರ ಎಂದು ಹೆಸರು ಹಿಡಿದು ಹೇಳುವುದು ಧಾತು ಈಶ್ವರ ಸಂವತ್ಸರಗಳ ಬರವನ್ನು, 1876ರಿಂದ 78ರವರೆಗೆ ಬಿದ್ದದ್ದನ್ನು. 1871ರ ಜನಗಣತಿಯಲ್ಲಿ ಸಂಸ್ಥಾನದಲ್ಲಿದ್ದವರು 50,55,412 ಜನ. ಹತ್ತು ವರ್ಷ ಕಳೆದು ಎಣಿಸಿದಾಗ ಉಳಿದಿದ್ದವರು 41,86,188. ಮುತ್ತಜ್ಜಿ ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಯಾರದೋ ಬರವನ್ನು ನಮ್ಮ ಮನೆಯವರು ಎತ್ತಿಕೊಂಡು ಬಂದು ತಮ್ಮ ಕಥೆಯ ಬಾಗಿಲಿಗೆ ಇಟ್ಟಿದ್ದರು. ಹಾಗಾದರೆ ಬಾಗಿಲ ಹಿಂದೆ ಇದ್ದದ್ದೇನು? ಅದನ್ನು ತಿಳಿಯದೆ ನನಗೆ ಸಮಾಧಾನವಾಗಲಿಲ್ಲ.

ಜನವರಿಯ ಕೊನೆಯಲ್ಲಿ ಮೈಸೂರಿನಿಂದ ಭೀಮನಬೀಡಿಗೆ ಹೊರಟೆ. ನಂಜನಗೂಡು ದಾಟಿ ಬೇಗೂರು ಕಳೆದರೆ ಬಸ್ಸಿನೊಳಗಿನ ಮಾತೇ ಬೇರೆಯಾಗುತ್ತದೆ. ‘ಊರಿಗೆ’ ಎನ್ನುವುದು ‘ಊರ್ಗ’ ಆಗುತ್ತದೆ, ಮಕ್ಕಳೆಲ್ಲ ‘ಮೊಗ’ ಆಗುತ್ತಾರೆ. ಅಜ್ಜ ಸಿಟ್ಟು ಬಂದಾಗ ಮಾತ್ರ ಹೀಗೆ ಮಾತಾಡುತ್ತಿದ್ದರು. ಉಳಿದ ಹೊತ್ತು ಅವರದು ಮೈಸೂರಿನ ಆಫೀಸಿನ ಕನ್ನಡ.

ಗುಂಡ್ಲುಪೇಟೆ ಹಿಂದಿನಿಂದಲೂ ಅಂಚಿನ ಊರು. ಚಿಕ್ಕದೇವರಾಜ ಒಡೆಯರು 1673ರಲ್ಲಿ ಪಟ್ಟಕ್ಕೆ ಬರುವ ಮುನ್ನ ಕಾವಲಿನಲ್ಲಿದ್ದದ್ದು ಇಲ್ಲೇ ಪಕ್ಕದ ಹಂಗಳದಲ್ಲಿ. ರಾಜಧಾನಿಗೆ ಬೇಡವಾದವರನ್ನು ಇರಿಸಲು ಕಾಡಿನ ಸೆರಗಿನ ಈ ಸೀಮೆ ಸರಿಯಾಗಿ ಕಂಡಿತ್ತೇನೋ. ಈಗಲೂ ಊರಿನ ತುದಿಯಲ್ಲಿ ರಸ್ತೆ ಸೀಳುತ್ತದೆ: ಒಂದು ವಯನಾಡಿಗೆ, ಒಂದು ಊಟಿಗೆ. 2009ರಿಂದ ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಮುಚ್ಚಿದರೆ ಬೆಳಿಗ್ಗೆ ಆರಕ್ಕೇ ತೆರೆಯುವುದು. ಮುತ್ತಜ್ಜನ ಕಾಲದಲ್ಲಿ ಗೇಟು ಇರಲಿಲ್ಲ. ಹುಲಿ ಆನೆಗಳಿದ್ದವು, ಅವನ್ನೂ ಮೀರಿ ಹೋಗುವ ಅಗತ್ಯ ಇದ್ದವರು ಹೋಗುತ್ತಿದ್ದರು.

ಭೀಮನಬೀಡು ತಲುಪಿದಾಗ ಊರೆಲ್ಲ ಅರಿಸಿನ ಬೇಯುವ ವಾಸನೆ. ಅಡುಗೆಮನೆಯ ಅರಿಸಿನದ ಘಮ ಅಲ್ಲ ಅದು. ಹಸಿ ಮಣ್ಣು, ಹೊಗೆ, ಬೇರು ಸೇರಿ ಗಂಟಲಿಗೆ ಹತ್ತುವಂಥದ್ದು. ಡ್ರಮ್ಮಿನಲ್ಲಿ ಬೆಂದ ಕೊಂಬನ್ನು ಹೆಂಗಸರು ಕಣದಲ್ಲಿ ಹರವುತ್ತಿದ್ದರು. ಒಬ್ಬಾಕೆ ಕೊಂಬೊಂದನ್ನು ಮುರಿದು ಒಳಗಿನ ಕೆಂಪು ಹಳದಿ ತೋರಿಸಿ, ಬೆಂದಿದೆಯೋ ಇಲ್ಲವೋ ಎಂದು ನೋಡುವ ಬಗೆ ಹೇಳಿಕೊಟ್ಟಳು: ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು. ಅವಳ ಅಂಗೈಯ ಗೆರೆಗಳೆಲ್ಲ ಹಳದಿ.

ನಮ್ಮ ದಾಯಾದಿಗಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮನೆದೇವರು ಮಾದಪ್ಪ, ಮುತ್ತಜ್ಜನ ಅಪ್ಪನ ಹೆಸರು ಇಂಥದ್ದು ಎಂದದ್ದಕ್ಕೆ ಮಾರಿಗುಡಿಯ ಕಟ್ಟೆಯಲ್ಲಿದ್ದವರು ಕೈ ತೋರಿಸಿದರು. ಮನೆಯ ಜಗುಲಿಯಲ್ಲಿ ಮೂವತ್ತರ ಹುಡುಗನೊಬ್ಬ ಬೈಕು ಒರೆಸುತ್ತಿದ್ದ. ಸಂಬಂಧ ಬಿಡಿಸಿ ಹೇಳಿದೆ. ಅವನು ಬಟ್ಟೆ ಕೆಳಗಿಟ್ಟು ಕೇಳಿದ ಮೊದಲ ಪ್ರಶ್ನೆ: “ಭಾಗ ಕೇಳಾಕ ಬಂದಿದ್ದೀರಾ ಅಕ್ಕ?”

ಪ್ರಶ್ನೆ ಒರಟಾಗಿರಲಿಲ್ಲ, ಹೆದರಿಕೆಯದಾಗಿತ್ತು. ಇಲ್ಲ ಎಂದು ನಾನು ಹೇಳಿದ್ದನ್ನು ಅವನು ನಂಬಲೂ ಇಲ್ಲ, ನಂಬದೆಯೂ ಇರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅವನ ಅಜ್ಜಿಯ ದನಿ ಬಂತು: “ಯಾರ್ಲಾ ಅದು? ಒಳಕ್ ಕರಿ, ಉಂಡ್ಕ ಹೋಗ್ಲಿ.”

ಎಂಬತ್ತು ದಾಟಿದ ಜೀವ. ಕಣ್ಣು ಮಂಜು, ಕಿವಿ ಚುರುಕು. ರಾಗಿ ಹಿಟ್ಟು, ಎಳೆ ಅವರೆಕಾಯಿಯ ಉಪ್ಪೆಸರು, ಹಸಿಮೆಣಸಿನ ಖಾರ. ಮೈಸೂರಿನಲ್ಲಿ ನಾವು ಮುದ್ದೆ ಮಾಡುವುದು ಭಾನುವಾರದ ಚಂದಕ್ಕೆ. ಇಲ್ಲಿ ತಟ್ಟೆಗೆ ಬಿದ್ದ ಹಿಟ್ಟಿನ ಗಾತ್ರ ನೋಡಿಯೇ ನನ್ನ ಹಸಿವು ಅರ್ಧ ಅಡಗಿತು. ಉಪ್ಪೆಸರಿನ ತಿಳಿಯಲ್ಲಿ ಅದ್ದಿ ನುಂಗಿದಾಗ ಅಜ್ಜನ ನೆನಪು ತೀಕ್ಷ್ಣವಾಗಿ ಬಂತು. ಕೊನೆಯ ದಿನಗಳಲ್ಲಿ ಅವರು ಕೇಳುತ್ತಿದ್ದದ್ದು ಇದನ್ನೇ. ನಾವು ಬೇಳೆ ಹಾಕಿ ಕೆಡಿಸುತ್ತೇವೆಂದು ಗೊಣಗುತ್ತಿದ್ದರು.

ಊಟದ ನಡುವೆ ಒಂದು ಸಂಗತಿ ನಡೆಯಿತು. ಮನೆಯ ಹಿರಿಯ ಸೊಸೆ ಎಲ್ಲರಿಗೂ ಬಡಿಸುತ್ತ ಬಂದವಳು ಗಂಡನ ತಮ್ಮನ ತಟ್ಟೆಯ ಮುಂದೆ ನಿಂತು, ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಸರಿದಳು. ಅವನ ಹೆಂಡತಿ ಎದ್ದು ಬಂದು ಬಡಿಸಿದಳು. ಯಾರೂ ಏನೂ ಅನ್ನಲಿಲ್ಲ. ನಾನು ಕೇಳಿದಾಗ ಹುಡುಗ ಸಲೀಸಾಗಿ ಹೇಳಿದ: “ನಮ್ಮನ್ಲಿ ಅತ್ತಿಗ ಬಡ್ಸುದ್ದ ಮೈದ ಉಣ್ಣಂಗಿಲ್ಲ. ಮೊದ್ಲಿಂದ್ಲೂ ಹಂಗೇ.” ಬೇರೆ ಮನೆಗಳಲ್ಲಿಯೂ ಹಾಗೆಯೇ? “ಇಲ್ಲ, ನಮ್ಮನ್ಲಿ ಮಾತ್ರ.”

ಸುಗ್ಗಿ ಮುಗಿದಿದ್ದರಿಂದ ಹೆಳವರು ಸೀಮೆಯಲ್ಲಿ ತಿರುಗುತ್ತಿದ್ದರು. ನನ್ನ ಅದೃಷ್ಟಕ್ಕೆ ಆ ಮನೆತನಕ್ಕೆ ಬರುವ ಹೆಳವ ಪಕ್ಕದ ಊರಿನಲ್ಲಿಯೇ ಇದ್ದ. ಒಂದು ಕಾಲದಲ್ಲಿ ಅವರು ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ವಂಶಾವಳಿ ಹೇಳಿ ಕಾಳು ಪಡೆಯುತ್ತಿದ್ದರು. ಮೂಲ ಊರು ಯಾವುದು, ಯಾವ ದೇವರ ಒಕ್ಕಲು, ಯಾರ ಮಗ ಯಾರು, ಯಾವ ತಲೆಮಾರಿನಲ್ಲಿ ಮನೆ ಒಡೆಯಿತು, ಎಲ್ಲಿಂದ ಎಲ್ಲಿಗೆ ಹೋದರು ಎಂಬುದೆಲ್ಲ ಅವರ ಪುಸ್ತಕದಲ್ಲಿ ಇರುತ್ತದೆ. ಇವನು ಬಂದದ್ದು ಬೈಕಿನಲ್ಲಿ. ಹೆಗಲ ಚೀಲದಿಂದ ಉದ್ದನೆಯ ಲೆಕ್ಕದ ಪುಸ್ತಕ ತೆಗೆದು, ಕಣ್ಣು ಮುಚ್ಚಿ, ಒಂದೇ ಉಸಿರಿನಲ್ಲಿ ಏಳು ತಲೆಮಾರು ಹೇಳಿದ. ಮುತ್ತಜ್ಜನ ಹೆಸರು ಬಂದಾಗ ನನಗೆ ಮೈ ಜುಮ್ಮೆಂದಿತು. ಅಣ್ಣ ತಮ್ಮ ಇಬ್ಬರು. ದೊಡ್ಡವನು ‘ಸಂತಾನವಿಲ್ಲ.’ ಚಿಕ್ಕವನು ‘ದೇಶಾಂತರ ಹೋದ.’ ಅಲ್ಲಿಗೆ ಗೆರೆ.

“ದೊಡ್ಡವರ ಹೆಂಡತಿ?” ಎಂದೆ.

“ಆಗೆಲ್ಲ ಹೆಣ್ಮಕ್ಕಳ ಹೆಸರು ಬರೀತಿರ್ನಿಲ್ಲ ತಾಯಿ.”

“ಬಾಯಲ್ಲಿ ಹೇಳಿಕೊಂಡು ಬಂದದ್ದು ಇರಬಹುದಲ್ಲ?”

ಅವನು ಪುಸ್ತಕ ಮುಚ್ಚಿದ. “ಇದ್ದಾತು. ಹೇಳಬಾರದ್ದ ಹೇಳುದ್ರ ಬರೋ ವರ್ಷ ಈ ಮನ್ಲಿ ನಂಗ ಕಾಳು ಹುಟ್ಟಲ್ಲ.” ಮಾತಿನಲ್ಲಿ ಅಳುಕಿರಲಿಲ್ಲ. ಅವನ ಕಸುಬಿನ ಧರ್ಮವೇ ಅದು: ಮನೆಯವರು ಕೇಳಲು ಬಯಸುವ ಪೂರ್ವಜರನ್ನು ಕಾಪಾಡುವುದು.

ಮುತ್ತಜ್ಜಿಯ ಕಥೆ ಸಿಕ್ಕಿದ್ದು ಅಂದು ರಾತ್ರಿ, ಕಣದ ಅರಿಸಿನಕ್ಕೆ ಕಾವಲು ಕೂತಿದ್ದ ಆ ಅಜ್ಜಿಯಿಂದ. ಆಕೆಗೆ ಹೇಳಿದ್ದು ಆಕೆಯ ಅತ್ತೆ, ಅತ್ತೆಗೆ ಹೇಳಿದ್ದು ಅವರತ್ತೆ. ಗಂಡಸರ ವಂಶಾವಳಿ ಹೆಳವನ ಪುಸ್ತಕದಲ್ಲಿ ಇಳಿದು ಬಂದರೆ, ಈ ಸುದ್ದಿ ಬೇರೆ ಊರುಗಳಿಂದ ಈ ಮನೆಗೆ ಬಂದ ಸೊಸೆಯಂದಿರ ಕಿವಿಯಿಂದ ಕಿವಿಗೆ ಇಳಿದಿತ್ತು. ಎಚ್ಚರಿಕೆಯ ಮಾತಾಗಿ ಇಳಿದಿತ್ತು.

“ಆ ಜರ ಬಂದಿತ್ತಲ್ಲ ಮೊಗ, ಮನ್ಮನ್ಲೂ ಎಣ ಬಿದ್ದುದ್ದು. ದೊಡ್ಡವ್ನು ಅದ್ರಲ್ಲಿ ಹೋದ. ಅವ್ಳ್ಗ ಇನ್ನೂ ಇಪ್ಪತ್ತು. ಮೈದ ಕೈ ಹಿಡ್ದ. ಅವ್ಳೇ ಕೇಳುದ್ಲು ಅಂತಿದ್ಲು ನಮ್ಮತ್ತ, ಅವ್ನಲ್ಲ. ಅವ್ಳೇ ಕೇಳಿದ್ದು.”

1918ರ ಇನ್‌ಫ್ಲುಯೆಂಜಾ ಇರಬೇಕು, ಲೆಕ್ಕ ಸರಿಯಾಗಿ ಕೂಡುತ್ತದೆ.

ಇದರಲ್ಲಿ ಮುಚ್ಚಿಡುವಂಥದ್ದೇನಿದೆ ಎಂದು ಈಗಿನವರು ಕೇಳಬಹುದು. ವಿಧವೆಯ ಮರುಮದುವೆ ನಮ್ಮ ಒಕ್ಕಲು ಜಾತಿಗಳಲ್ಲಿ ಇದ್ದೇ ಇತ್ತು. ಕೂಡಿಕೆ, ಉಡಿಕೆ, ಸೀರೆ ಉಡಿಕೆ ಎಂದೆಲ್ಲ ಕರೆಯುತ್ತಿದ್ದರು. ಆದರೆ ಅದು ನಡೆಯುತ್ತಿದ್ದ ರೀತಿ ನೋಡಬೇಕು. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ಬಂದ ಮೈಸೂರಿನ ಬುಡಕಟ್ಟು, ಜಾತಿಗಳ ಸಂಪುಟಗಳನ್ನು ತಿರುವಿದರೆ ಜಾತಿಯಿಂದ ಜಾತಿಗೆ ಅದೇ ಚಿತ್ರ: ಹೊತ್ತು ಮುಳುಗಿದ ಮೇಲೆ, ಮುತ್ತೈದೆಯರು ದೂರ ನಿಂತು, ಮೊದಲೇ ಕೂಡಿಕೆಯಾಗಿದ್ದ ಹೆಂಗಸರೇ ಸೀರೆ ಉಡಿಸಬೇಕು. ಕೂಡಿಕೆಯಲ್ಲಿ ಹುಟ್ಟಿದ ಮಕ್ಕಳದು ಹಲವು ಕಡೆ ಬೇರೆ ‘ಸಾಲು’; ಸಂಬಂಧ ಬೆಳೆಸುವುದು ಆ ಸಾಲಿನವರೊಳಗೇ. ಸತ್ತ ಗಂಡನ ಒಡಹುಟ್ಟಿದವನನ್ನು, ಅವನ ಕುಲದವನನ್ನು ಕೂಡಿಕೆ ಮಾಡಿಕೊಳ್ಳಲು ಹಲವು ಜಾತಿಗಳಲ್ಲಿ ಅವಕಾಶವೇ ಇರಲಿಲ್ಲ. ಅತ್ತಿಗೆ ತಾಯಿಯ ಸಮಾನ. ಮುತ್ತಜ್ಜಿ ಕೇಳಿದ್ದು, ಊರು ಕೊಡಲು ಒಪ್ಪಿದ್ದರಲ್ಲಿ ಇಲ್ಲದ್ದನ್ನು.

ಅಜ್ಜಿ ಮುಂದಕ್ಕೆ ಹೇಳಿದ್ದು ನನ್ನನ್ನು ಇಂದಿಗೂ ಕಾಡುತ್ತದೆ. ನ್ಯಾಯ ಸೇರಿಸಿದರಂತೆ. ಕುಲದಿಂದ ಹೊರಗೆ ಹಾಕುವ ಮಾತು ಮೊದಲು ಎತ್ತಿದವರು ಮುತ್ತಜ್ಜನ ಚಿಕ್ಕಪ್ಪಂದಿರು. ಇಬ್ಬರೂ ಕತ್ತಲಲ್ಲೇ ಊರು ಬಿಟ್ಟರು. ಅಣ್ಣನ ಪಾಲು, ತಮ್ಮನ ಪಾಲು, ಎರಡೂ ಆ ಚಿಕ್ಕಪ್ಪಂದಿರಿಗೆ ಉಳಿದವು. ನಾವು ಕೂತಿದ್ದ ಕಣವೂ ಅದರಲ್ಲಿ ಸೇರಿತ್ತು. “ಅವ್ರು ಹೋದ್ದು ಎಲ್ರುಗೂ ಒಳ್ಳೇದೇ ಆಯ್ತು ಕನ,” ಎಂದು ಅಜ್ಜಿ ಮಾತು ಮುಗಿಸಿದರು. ಬೆಳಿಗ್ಗೆ ಆ ಹುಡುಗ ಕೇಳಿದ ಪ್ರಶ್ನೆಯ ಬೇರು ಎಲ್ಲಿದೆ ಎಂಬುದು ನನಗೆ ಆಗ ತಿಳಿಯಿತು. ಗಂಡನ ಆಸ್ತಿಯಲ್ಲಿ ವಿಧವೆಗೆ ಒಂದಿಷ್ಟು ಹಕ್ಕು ಕೊಟ್ಟ ಮೈಸೂರಿನ ಕಾಯಿದೆ ಬಂದದ್ದು 1933ರಲ್ಲಿ. ಅಷ್ಟರಲ್ಲಿ ಆಕೆ ಘಟ್ಟದ ಮೇಲೆ ಟೀ ಎಲೆ ಕೀಳಲು ನಿಂತು ಹತ್ತು ವರ್ಷದ ಮೇಲಾಗಿತ್ತು.

ಅವಮಾನ ಎಂದು ನಾವು ಕರೆಯುವುದರ ಅಡಿಯಲ್ಲಿ ಎಷ್ಟು ಸಲ ನೆಲದ ಲೆಕ್ಕ ಇರುತ್ತದೆ ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಆ ಮನೆಯವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರಿಗೂ ಅದು ಯಾರೋ ಬಿಟ್ಟುಹೋದ ಕಥೆ. ಸೌಟು ಬಿಟ್ಟು ಸರಿಯುವ ಸೊಸೆಗೆ ತಾನು ಯಾಕೆ ಸರಿಯುತ್ತಿದ್ದೇನೆ ಎಂದು ಗೊತ್ತಿಲ್ಲ. ನೂರು ವರ್ಷ ಕಳೆದರೂ ಆ ಮನೆಯಲ್ಲಿ ಮುತ್ತಜ್ಜಿಯ ಗುರುತೆಂದು ಉಳಿದದ್ದು ಆ ಕಟ್ಟಳೆ ಒಂದೇ.

ಮರುದಿನ ಮುತ್ತಜ್ಜ ಮುತ್ತಜ್ಜಿ ಹೋದ ದಿಕ್ಕಿಗೇ ಹೊರಟೆ. ಬಂಡೀಪುರದ ಕಾಡು ಜನವರಿಗಾಗಲೇ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕೆಕ್ಕನಹಳ್ಳದ ಚೆಕ್‌ಪೋಸ್ಟು ದಾಟಿದರೆ ತಮಿಳುನಾಡು. ಮರಗಳು ಅವೇ, ಬೋರ್ಡಿನ ಅಕ್ಷರ ಬೇರೆ. ತೆಪ್ಪಕಾಡಿನಲ್ಲಿ ಮೋಯಾರ್ ಹೊಳೆ, ಮಸಿನಗುಡಿ, ಆಮೇಲೆ ಕಲ್ಹಟ್ಟಿಯ 36 ತಿರುವು. ಕಿವಿ ಮುಚ್ಚಿಕೊಂಡವು, ಚಳಿ ಹತ್ತಿತು. ನಡೆದೇ ಏರಿದ ಆ ಇಬ್ಬರನ್ನು ಬಸ್ಸಿನ ಕಿಟಕಿಯಲ್ಲಿ ಕೂತು ಊಹಿಸಲು ನೋಡಿದೆ. ಬಂಡೆಯ ಹಿಂದೆ ಬಂಡೆ ಎದ್ದು ಬರುವ ಆ ಏರಿನಲ್ಲಿ ಅವರಿಗೆ ಹಿಂದಿನದೂ ಕಾಣುತ್ತಿತ್ತು: ಕೆಳಗೆ ಹರಡಿದ ಮೈಸೂರಿನ ಬಯಲು.

ಕಡಲಾಚೆಗೆ ಹೋದ ಕೂಲಿಗಳಿಗೆ ಕಾಗದವಾದರೂ ಇದೆ. 1860ರ ನವೆಂಬರ್ 16ರಂದು ‘ಟ್ರೂರೋ’ ಹಡಗು ಮದರಾಸಿನಿಂದ ಡರ್ಬನ್ ಮುಟ್ಟಿದ ಲಾಗಾಯ್ತು 1911ರವರೆಗೆ ನೇಟಾಲಿಗೆ ಹೋದ 1,52,184 ಜನರ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಊರು ಎಲ್ಲ ಹಡಗಿನ ಪಟ್ಟಿಗಳಲ್ಲಿವೆ, ಹೆಂಗಸರದ್ದೂ. ಮೈಸೂರು ಸೀಮೆಯ ಊರುಗಳೂ ಅವುಗಳಲ್ಲಿ ಸಿಗುತ್ತವೆ. ಘಟ್ಟ ಹತ್ತಿದವರ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಅದಕ್ಕೇ ಅಲ್ಲವೇ ಅವರು ಘಟ್ಟವನ್ನು ಆರಿಸಿದ್ದು? ಮೇಸ್ತ್ರಿಯ ಮುಂದೆ ಗಂಡ ಹೆಂಡತಿ ಎಂದು ನಿಂತರೆ ಮುಗಿಯಿತು. ಕೆಳಗೆ ಅತ್ತಿಗೆ ಮೈದುನರಾಗಿದ್ದವರು ಮೇಲೆ ಗಂಡ ಹೆಂಡತಿಯರಾದರು, ಅವರ ಮಕ್ಕಳು ಯಾವ ಸಾಲಿಗೂ ಸೇರದೆ ಬರೀ ಮಕ್ಕಳಾದರು.

ಕೋಟಗಿರಿಯ ಕೆಳಗೆ, ಅಜ್ಜ ಹುಟ್ಟಿದ್ದೆಂದು ಹೇಳುವ ತೋಟದ ಲೈನು ಮನೆಗಳಲ್ಲಿ ಈಗ ಕನ್ನಡದವರು ಯಾರೂ ಇಲ್ಲ. 1964ರ ಶಾಸ್ತ್ರಿ ಸಿರಿಮಾವೊ ಒಪ್ಪಂದದ ನಂತರ ಸಿಲೋನಿನಿಂದ ವಾಪಸು ಬಂದ ತಮಿಳು ಕುಟುಂಬವೊಂದು ಅಲ್ಲಿತ್ತು. ಮನೆಯೊಡತಿ ಕಪ್ಪು ಚಹಾ ಕೊಟ್ಟು, ನನ್ನ ಹರಕು ತಮಿಳನ್ನು ಸಹಿಸಿಕೊಂಡು, ಟ್ರಂಕಿನಿಂದ ಪ್ಲಾಸ್ಟಿಕ್ ಚೀಲ ತೆಗೆದಳು. ಮಡಿಕೆಯಲ್ಲಿ ಹರಿದ, ಮಂಡಪಂ ಕ್ಯಾಂಪಿನ ಮೊಹರಿನ ಕುಟುಂಬ ಕಾರ್ಡು. “ನಿಮ್ಮವರಿಗೆ ಇಂಥದ್ದು ಏನೂ ಇಲ್ಲವಾ?” ಎಂದು ಮರುಕದಿಂದ ಕೇಳಿದಳು. ಕಾಗದವಿಲ್ಲದ್ದೇ ನಮ್ಮವರಿಗೆ ಒಳ್ಳೆಯದಾಯಿತು ಎಂದು ವಿವರಿಸುವಷ್ಟು ತಮಿಳು ನನ್ನಲ್ಲಿರಲಿಲ್ಲ.

ಅಲ್ಲಿಂದ ಕೂನೂರಿನ ಕಡೆಗೆ, ಹುಲಿಕಲ್ ಎಂಬ ಬಡಗರ ಹಟ್ಟಿಗೂ ಹೋದೆ. ಕಾರಣವಿತ್ತು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಪುಸ್ತಕದಲ್ಲಿ ಬಡಗರು ಮೈಸೂರಿನ ಕಡೆಯಿಂದ ಬಂದ ಕಥೆಯಿದೆ. ಇವತ್ತಿನ ತಾಳವಾಡಿ ಸೀಮೆಯ ತಲಮಲೆಯಲ್ಲಿ ಏಳು ಜನ ಅಣ್ಣತಮ್ಮಂದಿರು, ತಂಗಿಯೊಡನೆ ಇದ್ದರು. ಅಲ್ಲಿನ ದೊರೆಯೊಬ್ಬ ತಂಗಿಯ ಮೇಲೆ ಕೈ ಹಾಕಲು ನೋಡಿದ. ಅವಳನ್ನು ಉಳಿಸಿಕೊಳ್ಳಲು ಏಳು ಜನವೂ ಓಡಿ ನೀಲಗಿರಿ ಸೇರಿದರು. ಅವರಲ್ಲಿ ಎರಡನೆಯವನ ಹೆಣ್ಣುಮಕ್ಕಳಿಗೆ ಅಲ್ಲಿಯೂ ಬೆಟ್ಟದ ತೋದರಿಂದ ಅಂಥದೇ ಗತಿ ಬಂತು, ಸೇಡು ತೀರಿಸಲು ನೆರವಾದ ಹೊರಗಿನವರಿಗೇ ಅವರನ್ನು ಮದುವೆ ಮಾಡಿಕೊಟ್ಟರು, ಹುಲಿಕಲ್ಲಿನವರು ಅವರ ಸಂತತಿ ಎಂದು ಥರ್ಸ್ಟನ್ ಬರೆಯುತ್ತಾನೆ. ಬಡಗರು ಹೋದದ್ದು ಎಂದೋ. 1603ರಲ್ಲಿ ಬೆಟ್ಟ ಹತ್ತಿದ ಫೆನಿಸಿಯೊ ಎಂಬ ಪಾದ್ರಿ ಅವರನ್ನು ಆಗಲೇ ಅಲ್ಲಿ ಕಂಡಿದ್ದಾನೆ.

ಬಡಗರ ಹೆತ್ತೆ ಹಬ್ಬ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಬಿಳಿ ಬಟ್ಟೆ ಉಟ್ಟು ತಲೆಗೆ ಬಿಳಿ ಸುತ್ತಿದ ಮುದುಕಿಯರು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ನನ್ನ ಕನ್ನಡ ಅವರಿಗೆ ಅರ್ಧಕ್ಕಿಂತ ಹೆಚ್ಚು ತಿಳಿಯಿತು, ಅವರ ಮಾತು ನನಗೂ. ಊಟಕ್ಕೆ ಇಟ್ಟದ್ದು ರಾಗಿ ಹಿಟ್ಟು, ಅವರೆ ಉದಕ. ಭೀಮನಬೀಡಿನ ತಟ್ಟೆಯೇ, ಸಾರು ತುಸು ಗಟ್ಟಿ. ಆ ಕಥೆ ಎತ್ತಿದಾಗ ನಿವೃತ್ತ ಮೇಷ್ಟರೊಬ್ಬರು ಮುಖ ಗಂಟಿಕ್ಕಿದರು: ಅದು ಹೊರಗಿನವರು ಬರೆದುಕೊಂಡದ್ದು, ತೋದರ ಮೇಲೆ ಸುಮ್ಮನೆ ಹೊರಿಸಿದ್ದು, ನಮ್ಮ ಹಿರಿಯರು ಬಂದದ್ದು ಮೇವು ನೆಲ ಹುಡುಕಿಕೊಂಡು. ನಾನು ಒತ್ತಾಯಿಸಲಿಲ್ಲ. ಅವರ ಮಾತು ನಿಜವಿರಬಹುದು.

ಆದರೆ ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟುಕೊಂಡೇ ನಾನು ಘಟ್ಟ ಇಳಿದೆ. ಮೋಯಾರಿನ ಆಚೆಯವರು ಊರು ಬಿಟ್ಟದ್ದಕ್ಕೆ ಹೆಣ್ಣಿನ ಮಾನ ಕಾರಣ ಎಂದಿತು ಪುಸ್ತಕದ ಕಥೆ. ಈಚೆಯ ನಮ್ಮವರು ಹೆಣ್ಣನ್ನು ಮುಚ್ಚಿ ಬರ ಎಂದರು. ಒಂದು ಕಡೆ ಗಂಡಸರು ಉಳಿಸಬೇಕಾದವಳು, ಇನ್ನೊಂದು ಕಡೆ ಗಂಡಸನ್ನು ಕೆಡಿಸಿದವಳು. ಆ ತಂಗಿಗೆ ಪುಸ್ತಕದಲ್ಲಿ ಹೆಸರಿಲ್ಲ, ನಮ್ಮ ಮುತ್ತಜ್ಜಿಗೆ ಹೆಳವನ ಪುಸ್ತಕದಲ್ಲಿ ಹೆಸರಿಲ್ಲ. ತಾನಾಗಿಯೇ ಒಂದನ್ನು ಬಯಸಿ, ಬಾಯಿ ಬಿಟ್ಟು ಕೇಳಿ, ಅದಕ್ಕೆ ಬೆಲೆ ತೆತ್ತು ಬದುಕಿದ ಹೆಂಗಸಿಗೆ ಎರಡೂ ಕಥೆಗಳಲ್ಲಿ ಜಾಗವಿಲ್ಲ. ಹಸಿವಿನಿಂದ ಓಡಿದವಳ ಮರಿಮಗಳು ಎಂದುಕೊಂಡು ಬೆಳೆದ ನನಗೆ, ಬಯಸಿ ಹೊರಟವಳ ಮರಿಮಗಳು ಎಂದು ತಿಳಿದಾಗ ಆದದ್ದು ನಾಚಿಕೆಯಲ್ಲ, ಹೆಮ್ಮೆ. ಅದನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಮೈಸೂರಿಗೆ ಬಂದು ಸೋದರತ್ತೆಗೆ ಎಲ್ಲ ಹೇಳಿದೆ. ಅತ್ತೆ ಅವರೆಕಾಳು ಚಿಲುಕುತ್ತಲೇ ಕೇಳಿಸಿಕೊಂಡು, “ನನಗೆ ಗೊತ್ತಿತ್ತು ಕಣೆ,” ಎಂದರು. ನಮ್ಮ ಅಜ್ಜಿ ಸಾಯುವ ಮುಂಚೆ ಹೇಳಿದ್ದರಂತೆ. ಮುತ್ತಜ್ಜಿಯ ಹೆಸರನ್ನೂ ಹೇಳಿದ್ದರಂತೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದದ್ದಕ್ಕೆ, “ನೀನು ಯಾವತ್ತು ಕೇಳಿದೆ?” ಎಂದರು.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅತ್ತೆಯೇ ಮುಂದೆ ನಿಂತು ಒಂದು ಸೀರೆ, ಎರಡು ಪಂಚೆ ಇರಿಸಿದರು. ಒಂದು ಪಂಚೆ ಮುತ್ತಜ್ಜನಿಗೆ. ಇನ್ನೊಂದು ಜರದಲ್ಲಿ ಹೋದ ಆ ಅಣ್ಣನಿಗೆ, ‘ಸಂತಾನವಿಲ್ಲ’ ಎಂದು ಗೆರೆ ಎಳೆಸಿಕೊಂಡವನಿಗೆ. ಅವನಿಗೆ ಎಡೆ ಇಡಲು ನಮ್ಮನ್ನು ಬಿಟ್ಟರೆ ಯಾರಿದ್ದಾರೆ ಎಂಬುದು ಅತ್ತೆಯ ವಾದ. ನನಗೆ ಆ ಯೋಚನೆ ಹೊಳೆದೇ ಇರಲಿಲ್ಲ.

ಚಿಕ್ಕಪ್ಪ ಎಡೆ ನೋಡಿದವರೇ ಎದ್ದು ಹೋದರು. ಅವರ ಮಗಳಿಗೆ ಚಾಮರಾಜನಗರದ ಕಡೆಯಿಂದ ಗಂಡು ನೋಡುತ್ತಿದ್ದಾರೆ. ಆ ಸೀಮೆಯಲ್ಲಿ ಯಾರಾದರೂ ಹಳೆಯದನ್ನು ಕೆದಕಿ ಸಾಲಿನ ಮಾತು ಎತ್ತಿದರೆ ಎಂಬ ಭಯ. ಇದನ್ನು ಬರೆಯಬೇಡ ಎಂದು ಫೋನು ಮಾಡಿ ಹೇಳಿದರು. ಅವರ ಮಗಳಿಗೆ ವಿಷಯ ತಿಳಿಸಿದೆ. “ನನ್ನ ಮದುವೆಗೆ ಮುತ್ತಜ್ಜಿಯನ್ನ ಮುಚ್ಚಿಡೋದು ಬೇಡ ಅಕ್ಕ, ಬರಿ. ಹೆಸರು ಮಾತ್ರ ಹಾಕಬೇಡ, ಅಪ್ಪ ತಡ್ಕೊಳ್ಳಲ್ಲ,” ಎಂದಳು. ಅದಕ್ಕೇ ಹೆಸರು ಹಾಕಿಲ್ಲ. ಚಿಕ್ಕಪ್ಪ ಇನ್ನೂ ನನ್ನೊಡನೆ ಮಾತಾಡುತ್ತಿಲ್ಲ.